ಹಲ್ಲಿಗೆ ಹಾಕಿ ನೋಡಿದ ಅಕ್ಕಿ

ಕಳ್ಳಿ ಎಂಬ ಹೆಸರು ನನಗೆ ಬಂದದ್ದು ಐವತ್ತು ದಾಟಿದ ಮೇಲೆ, ಅದೂ ನನ್ನ ಸ್ವಂತ ಮನೆಯಲ್ಲಿ. ನಾನು ಕದ್ದಿದ್ದೇನೆ ಎಂದು ಮನೆಯವರು ಅನುಮಾನಪಟ್ಟದ್ದು ದುಡ್ಡನ್ನಲ್ಲ, ಒಡವೆಯನ್ನಲ್ಲ. ಪೇಡೆ, ಬಾಳೆಹಣ್ಣು, ಬೆಲ್ಲದ ಚೂರು. ಗಂಗಾವತಿಯ ಪೇಟೆಯಲ್ಲಿ ಇಷ್ಟು ವರ್ಷ ಅಕ್ಕಿ ಅಂಗಡಿ ನಡೆಸಿ ತೂಕದಲ್ಲಿ ಒಂದು ಹಿಡಿ ಆಚೀಚೆ ಮಾಡದವಳಿಗೆ ಈ ಬಿರುದು. ಆ ದಿನಗಳನ್ನು ನೆನೆದರೆ ಈಗ ನಗು ಬರುತ್ತದೆ. ಆದರೆ ಮೊದಲು ಬರುವುದು ಸಿಟ್ಟೇ.

ನಡೆದದ್ದು ಇಷ್ಟು. ಎಡ ಎದೆಯಲ್ಲಿ ಗಂಟು ಕಾಣಿಸಿತು, ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದಾಯಿತು, ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಎದೆಯನ್ನೇ ತೆಗೆದರು. ಅದಕ್ಕೂ ಎಷ್ಟೋ ವರ್ಷ ಮೊದಲೇ ನನಗೆ ಸಕ್ಕರೆ ಕಾಯಿಲೆ ಇತ್ತು. ಗುಳಿಗೆ ನುಂಗುತ್ತಾ ಅದನ್ನು ಬಾಡಿಗೆದಾರನ ಹಾಗೆ ಮೈಯಲ್ಲಿ ಇಟ್ಟುಕೊಂಡಿದ್ದೆ. ಗಲಾಟೆ ಮಾಡದೆ ಇದ್ದ. ಆಪರೇಷನ್ ಆದ ಮೇಲೆ ಮನೆ ತನ್ನದೇ ಎನ್ನುವಂತೆ ಆಡತೊಡಗಿದ. ಹೊಲಿಗೆ ಬಿಚ್ಚಿ ಊರಿಗೆ ಬಂದು ಸ್ವಲ್ಪ ದಿನಕ್ಕೆ ಕಂಕುಳ ಕಡೆಯ ತುದಿಯಲ್ಲಿ ಗಾಯ ಬಾಯಿ ಬಿಟ್ಟಿತು.

ಪ್ರತಿ ಸಲ ಹುಬ್ಬಳ್ಳಿಗೆ ಓಡುವುದು ಬೇಡವೆಂದು ಅಲ್ಲಿಯವರೇ ಕೊಪ್ಪಳದ ಒಬ್ಬ ಡಾಕ್ಟರಮ್ಮನ ಹತ್ತಿರ ತೋರಿಸಲು ಹೇಳಿದ್ದರು. ನಾನೂ ನನ್ನ ಯಜಮಾನರೂ ಬಸ್ಸಿನಲ್ಲಿ ಹೋದೆವು. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ನೇರ. ಪಟ್ಟಿ ಬಿಚ್ಚಿ ನೋಡಿದರು, ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದರು, ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಎದುರೇ ಕೂತರು.

"ನೋಡ್ರಿ ಅಮ್ಮಾ, ಬ್ಯಾನಿ ತಗದಾರ. ಅದು ಮತ್ತ ಬರಬಾರ್ದಂದ್ರ ಕರೆಂಟ್ ಕೊಡಬೇಕು. ಹಸಿ ಗಾಯದ ಮ್ಯಾಲ ಕರೆಂಟ್ ಕೊಡಾಕ ಬರಂಗಿಲ್ಲ. ಸಕ್ಕರಿ ಇಳಿಲಾರ್ದ ಗಾಯ ಕೂಡಂಗಿಲ್ಲ. ಭಾಳ ದಿವಸ ಕಾಯಾಕೂ ಬರಂಗಿಲ್ಲ. ಈಗ ಎಲ್ಲಾ ನಿಮ್ಮ ಕೈಯಾಗ ಐತಿ."

ನಮ್ಮ ಕಡೆ ರೇಡಿಯೇಷನ್‌ಗೆ ಎಲ್ಲರೂ ಕರೆಂಟು ಅಂತಲೇ ಅನ್ನುತ್ತಾರೆ. ಆ ಕರೆಂಟು ನನಗೆ ಬೇಕಿತ್ತು. ಅದಕ್ಕೆ ಗಾಯ ಕೂಡಬೇಕಿತ್ತು, ಗಾಯ ಕೂಡಲು ಸಕ್ಕರೆ ಇಳಿಯಬೇಕಿತ್ತು. ಬದುಕುವ ದಾರಿ ಇಷ್ಟು ಸರಳವಾಗಿ ಯಾರಾದರೂ ಹೇಳಿದ್ದರೆ ಅವರೇ. ವಾಪಸು ಬರುವಾಗ ಗಿಣಿಗೇರಿಯ ಕಾರ್ಖಾನೆಗಳ ಹೊಗೆ ನೋಡುತ್ತಾ ನಾನು ಯಜಮಾನರಿಗೆ ಹೇಳಿದೆ, ಇಳಿಸಿ ತೋರಿಸುತ್ತೇನೆ ಎಂದು. ಅವರು ಮೃದು ಮನಸ್ಸಿನವರು. ಹೂಂ ಎಂದು ಕಿಟಕಿಯ ಕಡೆ ತಿರುಗಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಇನ್ಸುಲಿನ್ ಶುರುವಾಯಿತು. ಒಮ್ಮೆ ಸೂಜಿ ಹಿಡಿದರೆ ಸಾಯುವ ತನಕ ಬಿಡುವ ಹಾಗಿಲ್ಲ ಎಂದು ಬಂದವರೆಲ್ಲ ಹೆದರಿಸಿದರು. ಸಾಯುವ ತನಕ ಊಟವನ್ನೂ ಬಿಡುವ ಹಾಗಿಲ್ಲವಲ್ಲ ಎಂದು ನಾನು ಅವರ ಮುಂದೆಯೇ ಸೆರಗು ಸರಿಸಿ ಹೊಟ್ಟೆಗೆ ಚುಚ್ಚಿಕೊಂಡೆ. ಒಬ್ಬಿಬ್ಬರು ಮತ್ತೆ ಬರಲಿಲ್ಲ. ಅದು ಸೂಜಿಯಿಂದ ಸಿಕ್ಕ ಮೊದಲ ಲಾಭ.

ನಮ್ಮಲ್ಲಿ ರೋಗಿಯನ್ನು ಮಾತಾಡಿಸಲು ಬರಿಗೈಯಲ್ಲಿ ಬರಬಾರದು. ಬಾಳೆಹಣ್ಣು, ಬನ್ನು, ಗ್ಲುಕೋಸ್ ಬಿಸ್ಕೀಟು, ಪೇಡೆ. ಸಕ್ಕರೆ ಕಾಯಿಲೆ ಇದೆ ಎಂದು ಎಲ್ಲರಿಗೂ ಗೊತ್ತು, ಆದರೂ ಕೈ ಕೇಳಬೇಕಲ್ಲ. ಒಬ್ಬಾಕೆ ಸಕ್ಕರೆ ಬೇಡ, ಬೆಲ್ಲ ನಡೆಯುತ್ತದೆ ಎಂದು ಬೆಲ್ಲದ ಅಚ್ಚನ್ನೇ ತಂದಳು. ಪಕ್ಕದ ಗೋಣಿಚೀಲದ ಅಂಗಡಿಯ ಸಾಬರು, ಇಪ್ಪತ್ತು ವರ್ಷದ ನೆರೆಯವರು, ಖಜೂರದ ಪೊಟ್ಟಣ ಕಳಿಸಿ ಇದರಿಂದ ಸಕ್ಕರೆ ಏರುವುದಿಲ್ಲ, ರಕ್ತ ಏರುತ್ತದೆ ಎಂದು ಹೇಳಿಸಿದರು. ಎಲ್ಲರದ್ದೂ ಪ್ರೀತಿ. ಪ್ರೀತಿಯಲ್ಲೇ ನನ್ನನ್ನು ಸಾಗಿಸಿಬಿಡುತ್ತಿದ್ದರು. ಬಂದದ್ದನ್ನೆಲ್ಲ ಬೀದಿಯ ಮಕ್ಕಳಿಗೆ ಹಂಚಿಸಿದೆ.

ಪ್ರೀತಿಗಿಂತ ಕಷ್ಟವಾದದ್ದು 'ಪಾಪ' ಎಂಬ ಮಾತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಪಾಪ ಅನ್ನುತ್ತಾ ಒಳಗೆ ಬರುತ್ತಿದ್ದರು. ಕೂತ ಮೇಲೆ ಕಣ್ಣು ಒಂದೇ ಕಡೆ, ನನ್ನ ಸೆರಗಿನ ಎಡಗಡೆ. ದೂರದ ಸಂಬಂಧಿಕಳೊಬ್ಬಳಂತೂ ಮಾತಾಡುತ್ತಾ ಮಾತಾಡುತ್ತಾ ಅಲ್ಲೇ ನೋಡುತ್ತಿದ್ದಳು. ಇಲ್ಲದ್ದನ್ನು ಎಷ್ಟು ಹೊತ್ತು ನೋಡುತ್ತೀ, ಇರುವುದನ್ನು ನೋಡು ಎಂದು ನನ್ನ ಮುಖ ತೋರಿಸಿದೆ. ಆಮೇಲೆ ಚಹಾ ಕೊಡಿಸಿದೆ, ಅದು ಬೇರೆ ಮಾತು.

ನನ್ನ ಅಕ್ಕ ಮಾತ್ರ ಬೇರೆ ತರಹ. ನಮ್ಮ ತವರು ಯಲಬುರ್ಗಾ ಕಡೆಯ ಬೆದ್ದಲು ನೆಲ, ಜೋಳ ಸಜ್ಜೆ ಬೆಳೆಯುವ ಊರು. ಅಕ್ಕ ಅಲ್ಲೇ ಪಕ್ಕದ ಹಳ್ಳಿಗೆ ಸೊಸೆಯಾಗಿ ಹೋದಳು. ನನ್ನನ್ನು ಕಾಲುವೆ ನೀರಿನ ಸೀಮೆಗೆ ಕೊಟ್ಟರು. ಅನ್ನ ಉಣ್ಣುವ ಮನೆಗೆ ಹೋದಳು ಎಂದು ಆಗ ಓಣಿಯವರೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದರು. ಈಗ ಅಕ್ಕ ಬುಟ್ಟಿಯ ತುಂಬ ಜೋಳದ ಒಣ ಕಟಕ ರೊಟ್ಟಿ, ಹೆಸರುಕಾಳು, ಹುಳಿ ಸೊಪ್ಪಿನ ಪುಂಡಿಪಲ್ಲೆ ತಂದು ಅಡುಗೆಮನೆ ಹೊಕ್ಕಳು. ಅನ್ನದ ಪಾತ್ರೆಯನ್ನು ನನ್ನ ಕಣ್ಣಿಗೆ ಬೀಳದಂತೆ ಇಡಲು ನನ್ನ ಸೊಸೆಗೆ ಹೇಳಿದಳು. ಡಾಕ್ಟರಮ್ಮ ಹೇಳಿದಂತೆ ರೊಟ್ಟಿಗೂ ಲೆಕ್ಕವಿತ್ತು, ಕಾಳುಪಲ್ಲೆ ಜಾಸ್ತಿ. ನಾನು ಒಂದು ತುತ್ತು ಹೆಚ್ಚು ಕೇಳಲಿಲ್ಲ. ಹೆಸರುಕಾಳು ಕಂಡರೆ ಮುಖ ಸಿಂಡರಿಸುತ್ತಿದ್ದವಳು ಬಟ್ಟಲು ನೆಕ್ಕಿ ಇಟ್ಟೆ.

ಸಕ್ಕರೆ ಇಳಿಯಿತು. ಗಾಯದ ತುದಿ ಕೆಂಪಗೆ, ಚಂದಗೆ ತುಂಬಿಕೊಳ್ಳತೊಡಗಿತು. ಅಕ್ಕ ಊರಿಗೆ ಹೋದಳು. ಭಾರ ಎತ್ತದೆ, ಎಡಗೈ ಜಗ್ಗದೆ ಕೂತಿರುವುದಾದರೆ ಅಂಗಡಿಗೆ ಹೋಗಬಹುದು ಎಂದು ಡಾಕ್ಟರಮ್ಮ ಒಪ್ಪಿದರು. ಕುರ್ಚಿಯಲ್ಲಿ ಕೂತ ಮೊದಲ ದಿನ ಅಕ್ಕಿಯ ಧೂಳು ಮೂಗಿಗೆ ಹೋಗಿ ಸೀನಿದಾಗ ನಾನು ಬದುಕಿದ್ದೇನೆ ಅನಿಸಿತು. ಸೀನಿದ್ದಕ್ಕೆ ಗಾಯ ನೋಯಿತು, ನೋಯಲಿ ಎಂದು ಇನ್ನೊಮ್ಮೆ ಸೀನಿದೆ.

ಅಂಗಡಿಗೆ ಹೋಗತೊಡಗಿದ ಮೇಲೆ ಸಕ್ಕರೆ ಮತ್ತೆ ಏರಿತು. ಮನೆಯ ಊಟ ಅದೇ, ರೊಟ್ಟಿ ಅದೇ, ಸೂಜಿ ಅದೇ. ಡಾಕ್ಟರಮ್ಮ ಇನ್ಸುಲಿನ್ ಹೆಚ್ಚಿಸಿದರು. ಆದರೂ ಮಧ್ಯಾಹ್ನ ನೋಡಿದರೆ ಇನ್ನೂರರ ಮೇಲೆ. ಮತ್ತೆ ಹೆಚ್ಚಿಸಿದರು. ತುಂಬುತ್ತಿದ್ದ ಗಾಯ ಅಲ್ಲೇ ನಿಂತಿತು, ಪಟ್ಟಿಯಲ್ಲಿ ಮತ್ತೆ ಒದ್ದೆ ಕಾಣಿಸಿತು. ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿದರು. ಏನಾದರೂ ತಿನ್ನುತ್ತಿದ್ದರೆ ಹೇಳಿಬಿಡಿ, ಬೈಯುವುದಿಲ್ಲ ಎಂದರು. ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ಮನೆಯಲ್ಲಿ ಇನ್ನೂ ಚೆನ್ನಾಗಿತ್ತು. ನಾನು ಸ್ನಾನಕ್ಕೆ ಹೋದಾಗ ಯಜಮಾನರು ನನ್ನ ದಿಂಬು ಎತ್ತಿ ನೋಡುತ್ತಿದ್ದರು. ಅಂಗಡಿಯ ಮೇಜಿನ ಖಾನೆಯಲ್ಲಿ ಯಾರೋ ಗಿರಾಕಿ ತಂದಿಟ್ಟು ಮರೆತಿದ್ದ ಪೇಡೆಯ ಡಬ್ಬಿ ಸಿಕ್ಕಿತು, ಅದರಲ್ಲಿ ಎರಡು ಕಡಿಮೆ ಇದ್ದವು. ಸಾಕಲ್ಲ, ತೀರ್ಪು ಬಂತು. ಯಲಬುರ್ಗಾಕ್ಕೆ ಫೋನು ಹೋಯಿತು, ಅಕ್ಕ ಅಲ್ಲಿಂದಲೇ ನನಗೆ ಬೈದಳು. ಮಾಡದ ಕಳ್ಳತನಕ್ಕೆ ಬೈಸಿಕೊಳ್ಳುವ ಉರಿ ಇದೆಯಲ್ಲ, ಅದರ ಮುಂದೆ ಗಾಯದ ನೋವು ಏನೇನೂ ಅಲ್ಲ. ಆ ದಿನ ನಾನು ಊಟ ಮಾಡುವುದಿಲ್ಲ ಎಂದು ಕೂತೆ. ಸೂಜಿ ಚುಚ್ಚಿಕೊಂಡಾಗಿತ್ತು, ಉಣ್ಣದೆ ಇರುವಂತಿರಲಿಲ್ಲ. ಸಿಟ್ಟು ಮಾಡಿಕೊಳ್ಳುವ ಹಕ್ಕನ್ನೂ ಈ ಕಾಯಿಲೆ ಕಿತ್ತುಕೊಂಡಿತ್ತು. ಅಳುತ್ತಾ ರೊಟ್ಟಿ ತಿಂದೆ.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಅವತ್ತು ಅಂಗಡಿ ತೆರೆಯಲಿಲ್ಲ, ನಾನು ಮನೆಯಲ್ಲೇ ಇದ್ದೆ. ಸಕ್ಕರೆ ಇಳಿದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದರು ಯಜಮಾನರು. ಅಂಗಡಿಯ ತಲೆಬಿಸಿಯಿಂದಲೇ ಏರುತ್ತಿದೆ, ಇಲ್ಲವೇ ಅಂಗಡಿಯಲ್ಲಿ ತಿನ್ನುತ್ತಿದ್ದಾಳೆ. ಎರಡರಲ್ಲಿ ಯಾವುದಾದರೂ ಸರಿ, ಅಂಗಡಿ ಬಂದ್. ಕೀಲಿಕೈ ಗೊಂಚಲು ಗೂಟದಲ್ಲಿರಲಿಲ್ಲ, ಅವರ ಜೇಬಿನಲ್ಲಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನಗೆ ಎದುರು ನಿಂತದ್ದು ಅದೇ ಮೊದಲು. ಅಂಗಡಿ ಅವರ ತಂದೆಯದು, ನಿಜ. ಮಾವ ತೀರಿಕೊಂಡಾಗ ಯಜಮಾನರು ಮರಳಿ ಎಂಬ ಊರಲ್ಲಿದ್ದ ನಮ್ಮ ಗದ್ದೆ ಬಿಟ್ಟು ಬರಲು ಒಪ್ಪಲಿಲ್ಲ, ಅಂಗಡಿಯಲ್ಲಿ ಕೂತವಳು ನಾನು.

"ಎದಿ ತಗದ್ರು, ಸುಮ್ನಿದ್ದೆ," ಅಂದೆ. "ಈಗ ಅಂಗಡಿನೂ ತಗೀತೀರಿ. ಮುಂದ ಉಳಿಯಾಕಿ ಯಾರು ಹೇಳ್ರಿ? ಆಕಿಗಿ ಕರೆಂಟ್ ಯಾಕ ಬೇಕು?"

ಅವರು ಕೀಲಿಕೈ ಕೊಡಲಿಲ್ಲ. ನಡುವೆ ಬಂದವಳು ಸೊಸೆ. ಕುಷ್ಟಗಿಯ ಹುಡುಗಿ, ಮಾತು ಕಡಿಮೆ. ದಿನಾ ನನ್ನ ಬೆರಳು ಚುಚ್ಚಿ ಸಕ್ಕರೆ ನೋಡುವವಳೂ ಅವಳೇ. ನಾಳೆ ನಾನೂ ಅಂಗಡಿಗೆ ಹೋಗಿ ಇಡೀ ದಿನ ಅತ್ತೆಯ ಪಕ್ಕದಲ್ಲೇ ಕೂಡುತ್ತೇನೆ, ಆಮೇಲೆ ತೀರ್ಮಾನ ಮಾಡೋಣ ಎಂದಳು. ಪೊಲೀಸ್ ಕಾವಲು ಹಾಕಿಸಿದರಲ್ಲ ಎಂದು ನನಗೆ ಅವಮಾನವಾಯಿತು. ಆದರೂ ಒಪ್ಪಿದೆ. ನನ್ನ ಕೈ ಶುದ್ಧ ಎಂದು ನನಗೆ ಗೊತ್ತಿತ್ತು.

ಮರುದಿನ ಅವಳು ಸಕ್ಕರೆ ನೋಡುವ ಮಿಷಿನ್ನನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನ ಪಕ್ಕ ಕೂತಳು. ಖಾನಾವಳಿಯವರು ಬಂದರು, ಮದುವೆ ಮನೆಯವರು ಬಂದರು, ಮಿಲ್ಲುಗಳಿಂದ ಸ್ಯಾಂಪಲ್ ಚೀಲಗಳು ಬಂದವು. ನಾನು ಎಂದಿನಂತೆ ವ್ಯಾಪಾರ ಮಾಡಿದೆ. ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲು ಅವಳು ಬೆರಳು ಚುಚ್ಚಿ ನೋಡಿದಳು. ಏರಿತ್ತು. ನಾನು ಗೆದ್ದವಳ ಹಾಗೆ ನೋಡಿದೆ. ನೋಡು, ನಿನ್ನ ಕಣ್ಣೆದುರೇ ಕೂತಿದ್ದೇನೆ, ಏನು ತಿಂದೆ ಹೇಳು ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಅತ್ತಿ, ಬಾಯಾಗ ಏನೈತ್ರಿ?"

"ಏನಿಲ್ಲ."

"ಮತ್ತ ಏನ್ ಅಗೀತೀರಿ?"

ಬಾಯಲ್ಲಿ ಅಕ್ಕಿ ಇತ್ತು. ಬಲಗೆನ್ನೆಯ ಒಳಗೆ ಒಂದು ಚಿಟಿಕೆ, ಹಸಿ ಅಕ್ಕಿ.

ಅಕ್ಕಿ ವ್ಯಾಪಾರ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಅಕ್ಕಿಯನ್ನು ಕಣ್ಣಿನಿಂದ ಕೊಳ್ಳುವುದಿಲ್ಲ, ಹಲ್ಲಿನಿಂದ ಕೊಳ್ಳುತ್ತಾರೆ. ಹಳೆಯ ಅಕ್ಕಿ ಹಲ್ಲಿನ ಕೆಳಗೆ ಟಕ್ಕೆಂದು ಮುರಿಯುತ್ತದೆ, ಅಗಿದರೆ ನಿಧಾನಕ್ಕೆ ಹಿಟ್ಟಾಗುತ್ತದೆ. ಹೊಸ ಅಕ್ಕಿ ಬಾಗುತ್ತದೆ, ಬೇಗ ಮುದ್ದೆಯಾಗುತ್ತದೆ, ಹಾಲಿನಂಥ ಒಂದು ರುಚಿ ಬಿಡುತ್ತದೆ. ಕೊಡುವವನು, ಕೊಳ್ಳುವವನು ಇಬ್ಬರೂ ಬಾಯಿಗೆ ಹಾಕಿಕೊಳ್ಳದೆ ಮಾತು ಮುಗಿಯುವುದಿಲ್ಲ. ಮಾವ ನನಗೆ ಕಲಿಸಿದ್ದು ಹೀಗೆಯೇ. ಅಗಿದ ಅಕ್ಕಿಯನ್ನು ಉಗುಳಬಾರದು ಎಂದೂ ಅವರೇ ಕಲಿಸಿದರು. ಅನ್ನದೇವರನ್ನು ಉಗುಳಿದ ಅಂಗಡಿಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ. ಹಾಗಾಗಿ ನುಂಗುವುದು. ಒಂದು ಸ್ಯಾಂಪಲ್ಲಿಗೆ ಒಂದು ಚಿಟಿಕೆ, ಗಿರಾಕಿಗೆ ತೋರಿಸುವಾಗ ಒಂದು ಚಿಟಿಕೆ, ಗಿರಾಕಿ ಇಲ್ಲದಾಗ ಬೇಸರಕ್ಕೆ ಒಂದು ಚಿಟಿಕೆ. ಬೇರೆಯವರು ಎಲೆ-ಅಡಿಕೆ ಹಾಕಿಕೊಳ್ಳುವಂತೆ ನಾನು ಮೂವತ್ತು ವರ್ಷ ಅಕ್ಕಿ ಹಾಕಿಕೊಂಡಿದ್ದೆ. ಅದು ತಿನ್ನುವುದು ಎಂದು ನನಗೆ ಒಂದು ದಿನವೂ ಅನಿಸಿರಲಿಲ್ಲ. ಅದು ನನ್ನ ಕೆಲಸವಾಗಿತ್ತು.

ಸೊಸೆ ಒಂದು ಬಟ್ಟಲು ತೆಗೆದುಕೊಂಡು, ನಾನು ಅವತ್ತು ಬಾಯಿಗೆ ಹಾಕಿದ್ದಿರಬಹುದು ಎನ್ನುವಷ್ಟು ಅಕ್ಕಿ ಹಾಕಿ ನನ್ನ ಮುಂದೆ ಇಟ್ಟಳು. ಅಕ್ಕ ನನ್ನ ಕಣ್ಣಿಗೆ ಬೀಳದಂತೆ ಇಡಿಸಿದ್ದ ಅನ್ನ ಅಷ್ಟೂ ಅದರಲ್ಲಿತ್ತು. ನನಗೆ ಮೊದಲು ನಗು ಬಂತು, ಗಾಯ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ಲೆಕ್ಕ ಹಾಕಿದೆ. ಎಷ್ಟು ವಾರ ಹೀಗೇ ಹೋಗಿದ್ದವು. ಅಷ್ಟು ವಾರ ಕರೆಂಟು ಮುಂದೆ ಹೋಗಿತ್ತು, ಆ ಬೇನೆ ಒಳಗೆ ಏನು ಮಾಡುತ್ತಿದೆಯೋ ಯಾರಿಗೆ ಗೊತ್ತು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆಪರೇಷನ್ ಕೋಣೆಗೆ ಹೋಗುವಾಗಲೂ ಆಗದಷ್ಟು ಹೆದರಿಕೆ ಅವತ್ತು ನನ್ನ ಅಂಗಡಿಯಲ್ಲೇ ಆಯಿತು.

ಬಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಸುಡಬೇಕಾಗಿಲ್ಲ, ಬಾಯಿಗೆ ಲವಂಗ ಹಾಕಿಕೊಂಡರೆ ಆಯಿತು. ಆದರೆ ಬಿಟ್ಟ ಮರುದಿನವೇ ಊಟಕ್ಕೆ ಮೊದಲು ಮೈಯೆಲ್ಲ ಬೆವರಿ ಕೈ ನಡುಗತೊಡಗಿತು. ಏರಿದ ಸಕ್ಕರೆಗೆಂದು ಹೆಚ್ಚಿಸಿದ್ದ ಇನ್ಸುಲಿನ್ ಹಾಗೇ ಇತ್ತು, ಅಕ್ಕಿ ಮಾತ್ರ ಇರಲಿಲ್ಲ. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಸೊಸೆ ಕೂಗಿದಳು. ಅಂಗಡಿ ತೆರೆದುಕೊಟ್ಟು ಅಲ್ಲೇ ಕೂತಿದ್ದ ಯಜಮಾನರು ಪಕ್ಕದ ಚಹಾದಂಗಡಿಗೆ ಓಡಿ ಸಕ್ಕರೆ ತಂದು ನನ್ನ ಬಾಯಿಗೆ ತಾವೇ ಹಾಕಿದರು. ಕಳ್ಳಿ ಎಂದವರೇ ಪೇಟೆಯ ನಡುವೆ, ಎಲ್ಲರ ಎದುರು ನನಗೆ ಸಕ್ಕರೆ ತಿನ್ನಿಸಿದರು. ನಡುಕ ನಿಂತ ಮೇಲೆ ಈ ಮಾತನ್ನು ಅವರಿಗೆ ಹೇಳದೆ ಬಿಡಲಿಲ್ಲ. ಅವರು ಜೇಬಿನಿಂದ ಕೀಲಿಕೈ ತೆಗೆದು ಮೇಜಿನ ಮೇಲೆ ಇಟ್ಟರು.

ಕೊಪ್ಪಳದಲ್ಲಿ ಡಾಕ್ಟರಮ್ಮ ಎಲ್ಲ ಕೇಳಿ ಇನ್ಸುಲಿನ್ ಇಳಿಸಿದರು. ಅಕ್ಕಿ ಕಡಿಯುವವರನ್ನು ನಾನು ಇದೇ ಮೊದಲು ನೋಡಿದ್ದು, ಇನ್ನು ಮೇಲೆ ಗಂಗಾವತಿಯಿಂದ ಬಂದವರನ್ನೆಲ್ಲ ಇದನ್ನೂ ಕೇಳುತ್ತೇನೆ ಎಂದರು. ಅಂಗಡಿ ಬಿಡಿ ಎಂದು ಹೇಳುತ್ತಾರೇನೋ ಎಂದು ಯಜಮಾನರು ಕಾಯುತ್ತಿದ್ದರು. ಅವರು ಹೇಳಲಿಲ್ಲ.

ಇನ್ನು ಉಳಿದದ್ದು ಅಕ್ಕಿಯನ್ನು ನೋಡುವುದು ಹೇಗೆ ಎಂಬ ಪ್ರಶ್ನೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಗಾದೆ ನನ್ನ ಪಾಲಿಗೆ ಬೇರೆಯೇ ಆಗಿತ್ತು. ಅಕ್ಕಿಯ ಮೇಲೂ ಆಸೆ, ಜೀವದ ಮೇಲೂ ಆಸೆ. ಕೆಲವು ದಿನ ಬೆರಳಲ್ಲಿ ಉಜ್ಜಿ, ಉಗುರಿನಿಂದ ಮುರಿದು ನೋಡಿದೆ. ಪೇಟೆಯಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಅಂಗಡಿ ಅಕ್ಕನಿಗೆ ಈಗ ಅಕ್ಕಿ ಹಲ್ಲಿಗೆ ಹಾಕುವ ಹಾಗಿಲ್ಲವಂತೆ ಎಂದು ಮಿಲ್ಲಿನವರಿಗೆಲ್ಲ ತಿಳಿಯಿತು. ಹದಿನೈದು ವರ್ಷದಿಂದ ನನಗೆ ಮಾಲು ಕೊಡುವ ಒಬ್ಬ ದಲ್ಲಾಳಿ, ಬಾಯಿ ತುಂಬ ಅಕ್ಕಾ ಎನ್ನುವವನು, ಸ್ಯಾಂಪಲ್ ತಂದ. ಹಳೆಯ ಅಕ್ಕಿ, ಕಡಿಯುವುದೇ ಬೇಡ, ನಿಮ್ಮ ಆರೋಗ್ಯ ಮುಖ್ಯ, ನನ್ನ ಮೇಲೆ ಭರವಸೆ ಇಡಿ ಎಂದ. ಅಷ್ಟು ಕಾಳಜಿ ಅವನ ಹೆಂಡತಿಯ ಮೇಲೂ ಇದ್ದಿರಲಾರದು.

ನಾನು ಒಂದೇ ಕಾಳು ತೆಗೆದು ಹಲ್ಲಿಗೆ ಹಾಕಿದೆ. ಬಾಗಿತು. ಇನ್ನೆರಡು ಸಲ ಅಗಿದು, ನುಂಗದೆ, ಪಕ್ಕದ ಚೊಂಬಿನಲ್ಲಿ ಉಗುಳಿದೆ. ಅವನು ಕುರ್ಚಿಯಿಂದ ಎದ್ದೇಬಿಟ್ಟ.

"ಅಕ್ಕಿ ಉಗುಳ್ತೀರೇನ್ರಿ ಅಕ್ಕಾ? ಲಕ್ಷ್ಮಿ ಐತ್ರಿ ಅದು."

"ಲಕ್ಷ್ಮಿ ಹೌದು. ಹೊಸಾ ಲಕ್ಷ್ಮಿ ಐತಿ, ಮೊನ್ನೆ ಕೊಯ್ದದ್ದು. ಚೀಲ ವಾಪಸ್ ಒಯ್ಯಿ."

ಚೀಲ ಒಯ್ದ. ಅವನು ಹೋದ ಮೇಲೆ ನನಗೆ ಮಾವನ ನೆನಪು ಬಂದು ಮನಸ್ಸು ಸ್ವಲ್ಪ ಅಳುಕಿತು, ನಿಜ. ಮಾವ ದೊಡ್ಡವರು, ಆದರೆ ಅವರ ಎದೆ ಯಾರೂ ಕೊಯ್ದಿರಲಿಲ್ಲ. ಅವತ್ತಿನಿಂದ ಆ ಚೊಂಬು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ನೋಡಿ ಮುಖ ತಿರುಗಿಸುವವರು ತಿರುಗಿಸುತ್ತಾರೆ.

ಗಾಯ ನಿಧಾನವಾಗಿ ಕೂಡಿತು. ನಾನು ಎಷ್ಟೇ ಅವಸರ ಮಾಡಿದರೂ ಅದು ತನ್ನ ಪಾಡಿಗೆ ತಾನು ತುಂಬಿಕೊಂಡಿತು. ಕೊನೆಗೊಂದು ದಿನ ಡಾಕ್ಟರಮ್ಮ ಪಟ್ಟಿ ತೆಗೆದು ಬುಟ್ಟಿಗೆ ಎಸೆದು, ಹೊಸ ಪಟ್ಟಿಗೆ ಕೈ ಹಾಕಲಿಲ್ಲ. ಹುಬ್ಬಳ್ಳಿಗೆ ಬರೆದುಕೊಡುತ್ತೇನೆ, ಅಲ್ಲಿ ಹತ್ತಿರದಲ್ಲೇ ಉಳಿದುಕೊಂಡು ದಿನಾ ಕರೆಂಟು ತೆಗೆದುಕೊಳ್ಳಬೇಕು, ಕೆಲವು ವಾರ ಆಗುತ್ತದೆ ಎಂದರು. ಕೆಲವು ವಾರ ಅಂಗಡಿ ಇಲ್ಲ. ಇಷ್ಟೆಲ್ಲ ಹೊಡೆದಾಡಿ ಉಳಿಸಿಕೊಂಡ ಕುರ್ಚಿಯನ್ನು ಗೆದ್ದ ಮೇಲೆ ಬಿಡಬೇಕು. ಹೊರಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಅಲ್ಲೇ ವರಾಂಡದಲ್ಲಿ, ಜನರ ನಡುವೆ, ನನ್ನ ಕೈ ಹಿಡಿದುಕೊಂಡರು. ಯಾರಾದರೂ ನೋಡಲಿ ಎಂದು ನಾನೂ ಬಿಡಿಸಿಕೊಳ್ಳಲಿಲ್ಲ.

ಹೊರಡುವ ಹಿಂದಿನ ದಿನ ಅಂಗಡಿಗೆ ಹೋಗಬೇಡ, ಮನೆಯಲ್ಲಿ ಮಲಗು ಎಂದು ಎಲ್ಲರೂ ಹೇಳಿದರು. ಹೋದೆ. ನಾನಿಲ್ಲದಾಗ ಸೊಸೆ ಕೂಡುವುದು ಎಂದು ಮಾತಾಗಿತ್ತು. ಸಾಬರು ಎದ್ದು ಬಂದು, ದೇವರು ನಿಮ್ಮನ್ನು ಕ್ಷೇಮವಾಗಿ ಕಳಿಸಲಿ ಎಂದು ಹೇಳಿ ಹೋದರು. ಇನ್ನಿಬ್ಬರು ಬಂದು ಕೊನೆಯ ಸಲ ನೋಡುವವರ ಹಾಗೆ ನೋಡಿ, ಪಾಪ ಎಂದು ಹೋದರು. ಸೊಸೆ ಅವರನ್ನು ನೋಡಿ ಕಣ್ಣು ತುಂಬಿಕೊಂಡಳು. ಅಷ್ಟರಲ್ಲಿ ಖಾನಾವಳಿಯವನು ಬಂದು ಅಕ್ಕಿ ತೋರಿಸಿ ಎಂದ. ನೀವು ಸುಧಾರಿಸಿಕೊಳ್ಳಿ ಅತ್ತೆ, ಇದನ್ನು ನಾನೇ ನೋಡುತ್ತೇನೆ, ಸ್ವಲ್ಪ ಕುರ್ಚಿ ಬಿಡಿ ಎಂದು ಅವಳು ಪ್ರೀತಿಯಿಂದಲೇ ನನ್ನ ಭುಜ ಮುಟ್ಟಿದಳು.

ನಾನು ಏಳಲಿಲ್ಲ. ಸ್ಯಾಂಪಲ್ಲಿನ ಬಟ್ಟಲನ್ನು ನನ್ನ ಕಡೆ ಎಳೆದುಕೊಂಡೆ.

"ನಾಳಿಂದ ಕೂಡು," ಅಂದೆ. "ಇವತ್ತ ಇನ್ನೂ ನಾ ಅದೀನಿ."